‘ರೇಖಾವ’ ಮೊದಲ ಸಿಂಹಳ ಚಿತ್ರವಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ, ಸಿಂಹಳ ಚಲನಚಿತ್ರ ‘ರೇಖಾವ’ಕ್ಕೆ 70 ವರ್ಷ ತುಂಬುತ್ತಿರುವ ನಿಮಿತ್ತ ಪ್ರಕಟವಾದ ಲೇಖನವನ್ನು ಓದಿ ಸಂತೋಷಪಟ್ಟೆ. ನೆರೆಯ ದ್ವೀಪದ ಸಿನಿಮಾಕ್ಕೆ ಕನ್ನಡ ಪತ್ರಿಕೆಯೊಂದು ಅರ್ಧ ಪುಟ ಬಿಟ್ಟುಕೊಡುವುದು ಅಪರೂಪ. ಅಂಥ ಲೇಖನವನ್ನು ಕಲಬುರಗಿಯ ಆವೃತ್ತಿಯಲ್ಲೂ ಕೈಬಿಡದೆ ಅಚ್ಚುಹಾಕಿದ್ದಕ್ಕೆ ಮೊದಲು ಕೃತಜ್ಞತೆ ಹೇಳುತ್ತೇನೆ. ಆದರೆ ಲೇಖನದ ಮೊದಲ ವಾಕ್ಯದಲ್ಲಿಯೇ ಒಂದು ತಪ್ಪು ನುಸುಳಿದೆ. ‘ರೇಖಾವ’ವನ್ನು ಅಲ್ಲಿ ‘ಮೊಟ್ಟಮೊದಲ ಸಿಂಹಳ ಚಿತ್ರ’ ಎಂದು ಕರೆಯಲಾಗಿದೆ. ಇದು ಕಣ್ತಪ್ಪಿನಿಂದ ಆದದ್ದಿರಬಹುದು. ಆದರೂ ಇಂಥ ಕಣ್ತಪ್ಪು ಒಂದು ಇಡೀ ತಲೆಮಾರಿನ ಕಲಾವಿದರನ್ನು ಲೆಕ್ಕದಿಂದ ಹೊರಗಿಡುವುದರಿಂದ ಈ ಪತ್ರ ಬರೆಯಬೇಕಾಯಿತು.

ಮೊದಲ ಸಿಂಹಳ ವಾಕ್ಚಿತ್ರದ ಹೆಸರು ‘ಕಡವುನು ಪೊರೊಂದುವ’, ಅಂದರೆ ಮುರಿದ ಮಾತು. ಅದು ಕೊಲಂಬೊದಲ್ಲಿ ತೆರೆಕಂಡದ್ದು 1947ರ ಜನವರಿ 21ರಂದು, ಸಿಲೋನಿಗೆ ಸ್ವಾತಂತ್ರ್ಯ ಬರುವುದಕ್ಕೆ ಒಂದು ವರ್ಷಕ್ಕೂ ಮೊದಲು. ‘ರೇಖಾವ’ ಬಂದದ್ದು ಅದಾದ ಸುಮಾರು ಹತ್ತು ವರ್ಷಗಳ ಮೇಲೆ, 1956ರ ಡಿಸೆಂಬರ್ 28ರಂದು. ಈ ನಡುವೆ ಸಿಂಹಳದಲ್ಲಿ ಹಲವು ಚಿತ್ರಗಳು ಬಂದಿದ್ದವು, ಜನ ಟಿಕೆಟ್ ಕೊಂಡು ನೋಡಿದ್ದರು, ತಾರೆಯರೂ ಹುಟ್ಟಿಕೊಂಡಿದ್ದರು.

1947ರ ಆ ಚಿತ್ರ ತಯಾರಾದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ದ್ವೀಪದಲ್ಲಿ ಆಗ ಸ್ಟುಡಿಯೊ ಇರಲಿಲ್ಲ. ನೆಗೊಂಬೊದ ಮಿನರ್ವ ನಾಟಕ ತಂಡದವರು ಊರೂರಲ್ಲಿ ಆಡಿ ಹೆಸರು ಮಾಡಿದ್ದ, ಬಿ.ಎ.ಡಬ್ಲ್ಯು. ಜಯಮಾನ್ನೆ ಅವರ ನಾಟಕವನ್ನೇ ಸಿನಿಮಾ ಮಾಡಲು ಮುಂದಾದವರು ಎಸ್.ಎಂ. ನಾಯಗಂ ಎಂಬ ತಮಿಳು ನಿರ್ಮಾಪಕರು. ಅವರ ಚಿತ್ರಕಲಾ ಮೂವಿಟೋನ್ ಇದ್ದದ್ದು ಮಧುರೆಯಲ್ಲಿ. ಹೀಗಾಗಿ ನಾಟಕದ ಮಂದಿಯೆಲ್ಲ ಸಮುದ್ರ ದಾಟಿ ತಮಿಳುನಾಡಿಗೆ ಬಂದರು. ನಿರ್ದೇಶಿಸಿದವರು ಜ್ಯೋತಿಷ್ ಸಿಂಗ್, ಬಂಗಾಳದವರು. ನಾಯಕಿ ರುಕ್ಮಣಿ ದೇವಿ. ಮುಂದೆ ಲಂಕೆಯ ಕೋಗಿಲೆ ಎನಿಸಿಕೊಂಡ ಈಕೆಯ ಹುಟ್ಟುಹೆಸರು ಡೈಸಿ ರಸಮ್ಮ ಡೇನಿಯಲ್ಸ್, ತಮಿಳು ಕ್ರೈಸ್ತ ಮನೆತನದ ಹೆಣ್ಣುಮಗಳು. ಸಿಂಹಳ ಭಾಷೆ ಬೆಳ್ಳಿತೆರೆಯ ಮೇಲೆ ಮೊದಲ ಸಲ ಮಾತಾಡಿದ್ದು ಬಂಗಾಳಿ ನಿರ್ದೇಶಕನ ಕೈಕೆಳಗೆ, ತಮಿಳು ಬಂಡವಾಳದಿಂದ, ತಮಿಳು ನೆಲದಲ್ಲಿ, ತಮಿಳು ಮೂಲದ ನಟಿಯ ದನಿಯಲ್ಲಿ. ಅದೇ ವರ್ಷ ಬಂದ ‘ಅಶೋಕಮಾಲಾ’ ಕೂಡ ಕೊಯಮತ್ತೂರಿನ ಸ್ಟುಡಿಯೊದಲ್ಲಿ ತಯಾರಾಯಿತು.

ಕನ್ನಡಿಗರಾದ ನಮಗೆ ಇದು ವಿಚಿತ್ರವಾಗಿ ಕಾಣಬೇಕಿಲ್ಲ. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತಾದರೂ ಅದರ ಚಿತ್ರೀಕರಣ ನಡೆದದ್ದು ಕೊಲ್ಲಾಪುರದ ಛತ್ರಪತಿ ಸಿನಿಟೋನಿನಲ್ಲಿ. ಕಲಬುರಗಿಯವರಿಗೆ ಬೆಂಗಳೂರಿಗಿಂತ ಕೊಲ್ಲಾಪುರವೇ ಹತ್ತಿರ ಎಂಬುದು ಬೇರೆ ಮಾತು. ಹಣ ಹಾಕಿದವರು ಬೆಂಗಳೂರಿನಲ್ಲಿ ನೆಲೆಸಿದ್ದ ಚಮನ್‌ಲಾಲ್ ಡುಂಗಾಜಿ, ನಿರ್ದೇಶಕ ವೈ.ವಿ. ರಾವ್ ತೆಲುಗರು, ಪಾತ್ರ ಮಾಡಿದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ವೃತ್ತಿರಂಗಭೂಮಿಯ ಮಂದಿ. ಹಾಗೆಂದು ಅದನ್ನು ಕನ್ನಡದ ಮೊದಲ ಚಿತ್ರವಲ್ಲ ಎಂದು ಯಾರೂ ಹೇಳುವುದಿಲ್ಲ. ಸಿಂಹಳದವರಿಗೆ ಮಾತ್ರ ಬೇರೆ ಅಳತೆಗೋಲು ಏಕೆ?

ಶರಣಬಸವೇಶ್ವರ ಜಾತ್ರೆಗೆ ಟೆಂಟು ಹಾಕುತ್ತಿದ್ದ ನಾಟಕ ಕಂಪನಿಗಳನ್ನು ನೋಡಿ ಬೆಳೆದವರಿಗೆ 1947ರ ಚಿತ್ರದ ರೀತಿನೀತಿಯನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ರಂಗದ ಮೇಲೆ ಹಗ್ಗ ಕಟ್ಟಿ ಮೂರು ಕಡೆ ಮೈಕು ಇಳಿಬಿಟ್ಟಿರುತ್ತಿದ್ದರು. ಸಿಟ್ಟಿನಿಂದ ಬಲಗಡೆ ಹೊರಟ ಪಾತ್ರಧಾರಿ ಮಾತು ಬಂದೊಡನೆ ತನಗೇ ಅರಿವಿಲ್ಲದಂತೆ ಎರಡು ಹೆಜ್ಜೆ ಹಿಂದೆ ಸರಿದು ಮೈಕಿನ ಕೆಳಗೆ ನಿಂತು, ಮುಖವನ್ನು ಸ್ವಲ್ಪ ಮೇಲೆತ್ತಿ ಮಾತಾಡಿ, ಮತ್ತೆ ಸಿಟ್ಟಿನಿಂದ ಹೊರಡುತ್ತಿದ್ದ. ಪೇಟಿ ಮಾಸ್ತರರು ಅಷ್ಟು ಹೊತ್ತೂ ಒಂದೇ ಸ್ವರವನ್ನು ಒತ್ತಿ ಹಿಡಿದಿರುತ್ತಿದ್ದರು. ಜನ ಇದನ್ನು ಗಮನಿಸುತ್ತಿರಲಿಲ್ಲ, ಗಮನಿಸಿದರೂ ತಪ್ಪು ಎಣಿಸುತ್ತಿರಲಿಲ್ಲ. ಆರಂಭದ ವಾಕ್ಚಿತ್ರಗಳು, ಅವು ಸಿಂಹಳದವಿರಲಿ, ಕನ್ನಡದವಿರಲಿ, ಹೆಚ್ಚುಕಡಿಮೆ ಇದೇ ಮೈಕಿನ ಕೆಳಗೆ ನಿಂತಿದ್ದವು. ಕ್ಯಾಮೆರಾ ಪ್ರೇಕ್ಷಕನ ಕುರ್ಚಿಯಲ್ಲಿ ಕೂತಿತ್ತು, ಕಾಡು ಎಂದರೆ ಪರದೆಯ ಮೇಲೆ ಬರೆದ ಕಾಡು, ಹಾಡುಗಳ ಧಾಟಿ ಹಿಂದಿ ಇಲ್ಲವೇ ತಮಿಳು ಚಿತ್ರದಿಂದ ಬಂದದ್ದು. ಕೊಲಂಬೊದ ವಿಮರ್ಶಕರು ಮೂಗು ಮುರಿದರು, ಆದರೆ ಜನ ನೂಕುನುಗ್ಗಲಾಗಿ ಬಂದರು. ತಮ್ಮ ಮನೆಮಾತು ಪರದೆಯಿಂದ ಕೇಳಿಬಂದಾಗ ಅವರಿಗೆ ಆದ ಹಿಗ್ಗನ್ನು ನಾವು ಕಡೆಗಣಿಸಬಾರದು.

ಸ್ಟುಡಿಯೊ ಕೂಡ ‘ರೇಖಾವ’ಕ್ಕಿಂತ ಮೊದಲೇ ಲಂಕೆಗೆ ಬಂದಿತ್ತು. ಇದೇ ನಾಯಗಂ ಅವರು ಕಂದಾನದಲ್ಲಿ, ಸಿರಿಸೇನ ವಿಮಲವೀರ ಅವರು ಕಿರಿಬತ್ಗೊಡದಲ್ಲಿ, 1950ರ ದಶಕದ ಆರಂಭದ ಹೊತ್ತಿಗೆ ಸ್ಟುಡಿಯೊ ಕಟ್ಟಿದ್ದರು. ಹಾಗಾದರೆ ‘ರೇಖಾವ’ದ ನಿರ್ದೇಶಕ ಲೆಸ್ಟರ್ ಜೇಮ್ಸ್ ಪೀರಿಸ್ ಮಾಡಿದ್ದಾದರೂ ಏನು?

ಅವರು ಸ್ಟುಡಿಯೊದಿಂದ ಹೊರಗೆ ನಡೆದರು. ಇಷ್ಟು ಸಣ್ಣ ಸಂಗತಿಯಿಂದಲೇ ಬೇರೆಲ್ಲವೂ ಹೊರಟಿತು. ಪೀರಿಸ್ 1919ರಲ್ಲಿ ದೆಹಿವಲದಲ್ಲಿ ಹುಟ್ಟಿ, ಇಂಗ್ಲಿಷ್ ವಾತಾವರಣದ ಕ್ಯಾಥೊಲಿಕ್ ಕುಟುಂಬದಲ್ಲಿ ಬೆಳೆದವರು. ಲಂಡನ್ನಿನಲ್ಲಿ ಪತ್ರಕರ್ತರಾಗಿದ್ದು, ಅಲ್ಲಿಯೇ ಕಿರುಚಿತ್ರ ಮಾಡುವುದನ್ನು ಕಲಿತು ಊರಿಗೆ ಮರಳಿದವರು. ಮರಳಿದ ಮೇಲೆ ಸರ್ಕಾರಿ ಚಿತ್ರ ಘಟಕ ಸೇರಿ, ಮಲೇರಿಯಾ ನಿವಾರಣೆ, ರಸ್ತೆ ಸುರಕ್ಷತೆ ಮೊದಲಾದ ವಿಷಯಗಳ ಮೇಲೆ ಸಾಕ್ಷ್ಯಚಿತ್ರ ಮಾಡಿದರು. ಸರ್ಕಾರಿ ಸಾಕ್ಷ್ಯಚಿತ್ರವೆಂದರೆ ನಾವು ಆಕಳಿಸುತ್ತೇವೆ. ಆದರೆ ಕ್ಯಾಮೆರಾ ಹೊತ್ತು ಹಳ್ಳಿಯ ಬಿಸಿಲಿನಲ್ಲಿ ನಿಲ್ಲುವ ರೂಢಿ ಅವರಿಗೆ ಬಂದದ್ದು ಆ ನೌಕರಿಯಿಂದಲೇ. ಅದೇ ಘಟಕದ ಛಾಯಾಗ್ರಾಹಕ ವಿಲಿಯಂ ಬ್ಲೇಕ್ ಮತ್ತು ಮುಂದೆ ಟೈಟಸ್ ತೊಟವತ್ತೆ ಎಂದು ಹೆಸರಾದ ಸಂಕಲನಕಾರ ಟೈಟಸ್ ಡಿ ಸಿಲ್ವಾ, ಇಬ್ಬರೂ ಪೀರಿಸರ ಜೊತೆಗೆ ಸರ್ಕಾರಿ ಕೆಲಸ ಬಿಟ್ಟು ಹೊರಬಂದರು. ಸಂಬಳದ ಕೆಲಸ ಬಿಡುವುದು ಎಂಥ ಮಾತು ಎಂಬುದು ಮೂವತ್ತೆರಡು ವರ್ಷ ಸಂಬಳದ ಮೇಲೆ ಬದುಕಿದ ನನ್ನಂಥವನಿಗೆ ಚೆನ್ನಾಗಿ ಗೊತ್ತು.

‘ರೇಖಾವ’ ಎಂದರೆ ರೇಖೆ, ಅಂಗೈಯ ಗೆರೆ. ಕಥೆ ಸರಳ. ಮರಗಾಲಿನ ಮೇಲೆ ನಡೆಯುವ ಆಟಗಾರನೊಬ್ಬ ಹಳ್ಳಿಗೆ ಬಂದು, ಸೇನ ಎಂಬ ಹುಡುಗನ ಕೈನೋಡಿ, ನೀನು ರೋಗ ವಾಸಿಮಾಡುವವನಾಗುತ್ತೀ ಎಂದು ನುಡಿಯುತ್ತಾನೆ. ಹುಡುಗನ ಗೆಳತಿ ಅನುಲಾಳಿಗೆ ದೃಷ್ಟಿ ಹೋಗುತ್ತದೆ, ಹುಡುಗ ಮುಟ್ಟಿದ ಮೇಲೆ ಮರಳುತ್ತದೆ. ಊರು ಅವನನ್ನು ದೇವರ ಮಗನೆಂಬಂತೆ ನೋಡತೊಡಗುತ್ತದೆ, ತಂದೆಗೆ ಇದರಲ್ಲಿ ನಾಲ್ಕು ಕಾಸಿನ ದಾರಿ ಕಾಣುತ್ತದೆ. ಮುಂದೆ ಅವನ ಬಳಿ ತಂದ ಇನ್ನೊಬ್ಬ ಹುಡುಗ ಸಾಯುತ್ತಾನೆ, ಬರಗಾಲ ಬರುತ್ತದೆ, ನಿನ್ನೆ ಕೈಮುಗಿದ ಊರೇ ಇಂದು ಹುಡುಗನ ಮೇಲೆ ತಿರುಗಿ ಬೀಳುತ್ತದೆ.

ಈ ಚಿತ್ರವನ್ನು ನಾನು ನೋಡಿದ್ದು ಹಲವು ವರ್ಷಗಳ ಹಿಂದೆ, ಅಧ್ಯಾಪಕರ ತರಬೇತಿಗೆಂದು ಬೆಂಗಳೂರಿಗೆ ಹೋದಾಗ, ಒಂದು ಚಿತ್ರ ಸಮಾಜದ ಪ್ರದರ್ಶನದಲ್ಲಿ. ಪ್ರಿಂಟು ಗೀರುಗೀರಾಗಿತ್ತು, ಇಂಗ್ಲಿಷ್ ಅಡಿಬರಹ ಪೂರ್ತಿ ಓದುವಷ್ಟರಲ್ಲಿ ಮಾಯವಾಗುತ್ತಿತ್ತು. ಹುಡುಗ ಅಂಗೈ ಚಾಚುವ ಹೊತ್ತಿಗೆ ಅಡಿಬರಹದ ಗೊಡವೆಯನ್ನೇ ಬಿಟ್ಟೆ. ನಸುಕಿನಲ್ಲಿ ಬುಡಬುಡಕಿಯವನು ಬಾಗಿಲಿಗೆ ಬಂದು ಶಕುನ ನುಡಿದು ಹೋದರೆ ದಿನವಿಡೀ ಗುಸುಗುಸು ಮಾತಾಡುತ್ತಿದ್ದ ನಮ್ಮ ಮನೆಯ ಹೆಂಗಸರು ನೆನಪಾದರು. ಆ ಮಾತು ಒಳ್ಳೆಯದಾಗಿದ್ದರೂ ಭಯ, ಕೆಟ್ಟದ್ದಾಗಿದ್ದರೂ ಭಯ. ಊರಿನ ನಂಬಿಕೆಯನ್ನು ಗೇಲಿ ಮಾಡದೆ, ಅದಕ್ಕೆ ಶರಣಾಗದೆ, ಅದು ಒಂದು ಮಗುವಿನ ಹೆಗಲ ಮೇಲೆ ಹೇಗೆ ಭಾರವಾಗಿ ಕೂಡುತ್ತದೆ ಎಂಬುದನ್ನು ತೋರಿಸುವುದು ಸುಲಭದ ಕೆಲಸವಲ್ಲ. ಸೇನನ ಪಾತ್ರ ಮಾಡಿದ ಸೋಮಪಾಲ ಧರ್ಮಪ್ರಿಯ, ಅನುಲಾಳಾದ ಮರ್ಟಲ್ ಫರ್ನಾಂಡೊ ಇಬ್ಬರೂ ಪರದೆಯ ಮೇಲೆ ಹಳ್ಳಿಯ ಮಕ್ಕಳಂತೆಯೇ ಓಡಾಡುತ್ತಾರೆ. ಯಾರೂ ಮೈಕಿನ ಕೆಳಗೆ ಬಂದು ನಿಲ್ಲುವುದಿಲ್ಲ.

ಹಾಡಿನ ವಿಷಯದಲ್ಲೂ ಅಷ್ಟೇ. ಧಾಟಿ ಎರವಲು ತರದೆ ಸುನಿಲ್ ಶಾಂತರಿಂದ ಸ್ವಂತ ಸಂಗೀತ, ಕ್ಯಾಥೊಲಿಕ್ ಪಾದ್ರಿ ಮಾರ್ಸೆಲಿನ್ ಜಯಕೊಡಿಯವರಿಂದ ಸಾಹಿತ್ಯ ಬಂದಿತು. ಈ ಸುನಿಲ್ ಶಾಂತ ಶಾಂತಿನಿಕೇತನದಲ್ಲಿ, ಲಖನೌದ ಭಾತಖಂಡೆ ವಿದ್ಯಾಲಯದಲ್ಲಿ ಕಲಿತವರಾದರೂ, ಸಿಂಹಳ ಗೀತೆ ಹಿಂದೂಸ್ತಾನಿಯ ನೆರಳಾಗಬಾರದೆಂದು ನಂಬಿದವರು. 1952ರಲ್ಲಿ ರೇಡಿಯೊ ಸಿಲೋನ್ ತನ್ನ ಕಲಾವಿದರ ಪರೀಕ್ಷೆಗೆ ಭಾರತದಿಂದ ಹಿಂದೂಸ್ತಾನಿ ಸಂಗೀತದ ಪಂಡಿತ ರತನ್‌ಜನ್ಕರ್ ಅವರನ್ನು ಕರೆಸಿದಾಗ ಆ ಪರೀಕ್ಷೆಗೆ ಕೂಡಲು ಒಪ್ಪದೆ ರೇಡಿಯೊದ ಅವಕಾಶವನ್ನೇ ಕಳೆದುಕೊಂಡರು. ಹಿಂದೂಸ್ತಾನಿ ಸಂಗೀತವೇ ಉಸಿರಾದ ನಮ್ಮ ಭಾಗದವರಿಗೆ ಇದು ಹಟ ಎನಿಸೀತು. ನನಗೂ ಕೆಲವೊಮ್ಮೆ ಹಾಗೆಯೇ ಅನಿಸುತ್ತದೆ. ಆದರೆ ಆ ಹಟವಿಲ್ಲದೆ ‘ರೇಖಾವ’ದ ಹಾಡುಗಳು ಹುಟ್ಟುತ್ತಿರಲಿಲ್ಲ.

1956 ಎಂಬ ವರ್ಷದ ಬಗ್ಗೆಯೂ ಲೇಖಕರು ಒಂದು ಮಾತು ಹೇಳಬಹುದಿತ್ತು. ಆ ವರ್ಷ ಲಂಕೆಯಲ್ಲಿ ಬಂಡಾರನಾಯಕೆಯವರು ಪ್ರಧಾನಿಯಾಗಿ ಅಧಿಕಾರಕ್ಕೆ ಬಂದರು. ಸಿಂಹಳವೊಂದನ್ನೇ ಆಡಳಿತ ಭಾಷೆಯಾಗಿ ಮಾಡುವ ಕಾನೂನು ಬಂದಿತು. ನವೆಂಬರ್ 3ರಂದು ಕೊಲಂಬೊದ ಲಯನೆಲ್ ವೆಂಟ್ ರಂಗಮಂದಿರದಲ್ಲಿ ಎದಿರಿವೀರ ಸರಚ್ಚಂದ್ರರ ‘ಮನಮೆ’ ನಾಟಕದ ಮೊದಲ ಪ್ರದರ್ಶನ ನಡೆಯಿತು. ‘ನಾಡಗಂ’ ಎಂಬ ಜನಪದ ಆಟದ ಮಟ್ಟಿನಲ್ಲಿ ಕಟ್ಟಿದ ಆ ನಾಟಕದ ಬಗ್ಗೆ ಓದಿದಾಗ ನನಗೆ ನಮ್ಮ ದೊಡ್ಡಾಟವೇ ನೆನಪಾಯಿತು. ಅದಕ್ಕೆ ಎರಡು ದಿನ ಮೊದಲು, ನವೆಂಬರ್ 1ರಂದು, ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಕಲಬುರಗಿ, ಬೀದರ್, ರಾಯಚೂರು ಪ್ರದೇಶಗಳು ಮೈಸೂರು ರಾಜ್ಯಕ್ಕೆ ಸೇರಿದ್ದವು. ನಮ್ಮ ತಂದೆಯವರು ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. ಕೊನೆಯತನಕ ಮನೆಯ ಲೆಕ್ಕವನ್ನು ಉರ್ದುವಿನಲ್ಲಿಯೇ ಬರೆದರು, ಜಗಳವನ್ನು ಕನ್ನಡದಲ್ಲಿಯೇ ಆಡಿದರು. ತಾಯ್ನುಡಿಗೆ ಕಚೇರಿಯ ಬಾಗಿಲು ತೆರೆದಾಗ ಆಗುವ ಸಮಾಧಾನ ಎಂಥದ್ದೆಂಬುದನ್ನು ಅವರ ಬಾಯಿಂದ ಕೇಳಿದ್ದೇನೆ. ಹಾಗೆಯೇ, ಆ ಬಾಗಿಲು ಇನ್ನೊಬ್ಬರ ಮುಖಕ್ಕೆ ಮುಚ್ಚುವಂತಿರಬಾರದೆಂಬ ಎಚ್ಚರವೂ ಅವರಲ್ಲಿತ್ತು. ಸ್ನೇಹಿತರಲ್ಲಿ ಅರ್ಧದಷ್ಟು ಮಂದಿ ದಖನಿ ಆಡುವವರಾಗಿದ್ದರಿಂದ ಅವರಿಗೆ ಅದು ಸಹಜವಾಗಿಯೇ ಬಂದದ್ದಿರಬೇಕು.

ಲಂಕೆಯಲ್ಲಿ ಆ ಎಚ್ಚರ ತಪ್ಪಿತು. ಅದರ ಪರಿಣಾಮ ಸಿನಿಮಾದ ಮೇಲೂ ಆಯಿತು. ತಮಿಳರ ವಿರುದ್ಧ ನಡೆದ 1983ರ ಜುಲೈ ಗಲಭೆಯಲ್ಲಿ ಹೆಂದಲದ ವಿಜಯಾ ಸ್ಟುಡಿಯೊವನ್ನು ಸುಟ್ಟರು. ಸಿಂಹಳ ಚಿತ್ರಗಳನ್ನೇ ನಿರ್ದೇಶಿಸುತ್ತಿದ್ದ ತಮಿಳು ಮೂಲದ ಕೆ. ವೆಂಕಟ್ ಅವರನ್ನು ಕೊಂದರು. ಸಿಂಹಳ ಸಿನಿಮಾವನ್ನು ತೊಟ್ಟಿಲಲ್ಲಿ ತೂಗಿದ ಕೈಗಳು ಯಾರವು ಎಂಬುದನ್ನು ಒಂದು ಸಮಾಜ ಮರೆತಾಗ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಕಠಿಣ ಉದಾಹರಣೆ ನನಗೆ ತಿಳಿಯದು. ‘ಮೊಟ್ಟಮೊದಲ’ ಎಂಬ ಒಂದು ವಿಶೇಷಣದ ಬಗ್ಗೆ ಇಷ್ಟು ಉದ್ದ ಪತ್ರ ಬೇಕಿತ್ತೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇದೇ. 1947ನ್ನು ಅಳಿಸಿ 1956ರಿಂದ ಎಣಿಕೆ ಶುರುಮಾಡಿದರೆ ನಾಯಗಂ, ರುಕ್ಮಣಿ ದೇವಿ, ಮಧುರೆ, ಕೊಯಮತ್ತೂರು ಎಲ್ಲವೂ ಕಥೆಯಿಂದ ಹೊರಗೆ ಬೀಳುತ್ತವೆ.

ಇದರಿಂದ ಪೀರಿಸರ ಹಿರಿಮೆಗೆ ಕುಂದೇನೂ ಇಲ್ಲ. ‘ರೇಖಾವ’ 1957ರ ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗದಲ್ಲಿ ಬರ್ಗ್‌ಮನ್, ಫೆಲಿನಿ, ಬ್ರೆಸೋನ್ ಅವರಂಥವರ ಚಿತ್ರಗಳ ಜೊತೆಗೆ ನಿಂತಿತ್ತು. ಊರಿನಲ್ಲಿ ಮಾತ್ರ ಅದು ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ನಿಮ್ಮ ಲೇಖನ ಈ ಸೋಲಿನ ಬಗ್ಗೆ ಮೌನವಾಗಿದೆ. ಹತ್ತು ವರ್ಷ ಮದರಾಸು ಮಾದರಿಯ ಹಾಡು ಕುಣಿತಗಳಿಗೆ ಒಗ್ಗಿದ ಪ್ರೇಕ್ಷಕನಿಗೆ, ತನ್ನದೇ ಹಿತ್ತಲನ್ನು ದುಡ್ಡು ಕೊಟ್ಟು ಏಕೆ ನೋಡಬೇಕೆಂಬುದು ತಿಳಿಯಲಿಲ್ಲ. ಪೀರಿಸ್ ಎದೆಗುಂದಲಿಲ್ಲ. 1960ರಲ್ಲಿ ‘ಸಂದೇಶಯ’ ಮಾಡಿದರು, 1963ರಲ್ಲಿ ಮಾರ್ಟಿನ್ ವಿಕ್ರಮಸಿಂಘೆಯವರ ಕಾದಂಬರಿಯನ್ನು ಆಧರಿಸಿ ‘ಗಂಪೆರಳಿಯ’ ಮಾಡಿದರು. ಹಳ್ಳಿಯ ದೊಡ್ಡ ಮನೆತನವೊಂದು ಸದ್ದಿಲ್ಲದೆ ಕುಸಿಯುವ ಈ ಚಿತ್ರದಲ್ಲಿ ಮಾಮೂಲಿ ಹಾಡು, ಕುಣಿತ, ಹೊಡೆದಾಟ ಯಾವುದೂ ಇಲ್ಲ. 1965ರಲ್ಲಿ ದೆಹಲಿಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಸತ್ಯಜಿತ್ ರಾಯ್ ಅಧ್ಯಕ್ಷತೆಯ ತೀರ್ಪುಗಾರರು ಅದಕ್ಕೆ ಸ್ವರ್ಣ ಮಯೂರ ಕೊಟ್ಟರು. ನನ್ನ ಅಭಿಪ್ರಾಯದಲ್ಲಿ ಪೀರಿಸರ ಶ್ರೇಷ್ಠ ಕೃತಿ ಇದೇ. ‘ರೇಖಾವ’ದಲ್ಲಿ ಹಳ್ಳಿಯನ್ನು ಹೊರಗಿನಿಂದ ಬಂದು ಬೆರಗಿನಿಂದ ನೋಡುವವನ ಕಣ್ಣು ಅಲ್ಲಲ್ಲಿ ಇಣುಕುತ್ತದೆ, ‘ಗಂಪೆರಳಿಯ’ದ ಹೊತ್ತಿಗೆ ಆ ಬೆರಗು ಪರಿಚಯವಾಗಿ ಬದಲಾಗಿದೆ. ಪೀರಿಸ್ 99ನೆಯ ವಯಸ್ಸಿನಲ್ಲಿ, 2018ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ನಮ್ಮಲ್ಲಿ ಇಂಥ ತಿರುವು ಬಂದದ್ದು 1970ರಲ್ಲಿ, ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ ಶೃಂಗೇರಿ ಸೀಮೆಯ ಅಗ್ರಹಾರಕ್ಕೆ ಹೋಗಿ ಚಿತ್ರೀಕರಣ ಮಾಡಿದಾಗ. ಅಲ್ಲಿಯೂ ನಿರ್ದೇಶಕರು ತೆಲುಗು ಮೂಲದವರು, ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಮಲೆನಾಡಿನ ಮಳೆಯನ್ನು ಕನ್ನಡ ಸಿನಿಮಾ ಆಮೇಲೆ ಎಷ್ಟು ಸಲ ತೋರಿಸಿತೋ ಲೆಕ್ಕವಿಲ್ಲ. ಭೀಮೆಯ ದಂಡೆ, ತೊಗರಿಯ ಹೊಲ, ಶಹಾಬಾದ ಫರಸಿ ಹಾಸಿದ ಮನೆ, ಮೇ ತಿಂಗಳ ಬಿಸಿಲಲ್ಲಿ ಮಧ್ಯಾಹ್ನ ಬಾಗಿಲು ಮುಚ್ಚಿಕೊಂಡು ಮಲಗುವ ನಮ್ಮ ಓಣಿಗಳು ಪರದೆಯ ಮೇಲೆ ಕಂಡದ್ದು ಬಹಳ ಕಡಿಮೆ. ನಮ್ಮ ಮಾತನ್ನಂತೂ ನಗಿಸಲು ಬಂದ ಪಾತ್ರದ ಬಾಯಲ್ಲಿ ಕೇಳುವುದೇ ಹೆಚ್ಚು. ಇದನ್ನು ದೂರಾಗಿ ಹೇಳುತ್ತಿಲ್ಲ. ಕೈಯಲ್ಲೇ ಕ್ಯಾಮೆರಾ ಇರುವ ಇಂದಿನ ನಮ್ಮ ಹುಡುಗರಿಗೆ ಕೆಲಸ ಬಿಟ್ಟು ಹೊರಬಂದ ಲಂಕೆಯ ಮೂವರು ಸರ್ಕಾರಿ ನೌಕರರ ಆ ಕಥೆ ಉಪಯೋಗಕ್ಕೆ ಬಂದೀತು ಎಂದು ಹೇಳುತ್ತಿದ್ದೇನೆ. ನಗರದ ಕಾಲೇಜುಗಳಲ್ಲಿ ‘ರೇಖಾವ’ವನ್ನು ತೋರಿಸುವ ಏರ್ಪಾಡು ಯಾರಾದರೂ ಮಾಡುವುದಾದರೆ, ರುಕ್ಮಣಿ ದೇವಿಯವರ ಒಂದೆರಡು ಹಾಡುಗಳನ್ನಾದರೂ ಅದಕ್ಕೆ ಮುಂಚೆ ಕೇಳಿಸಬೇಕೆಂದು ವಿನಂತಿ.

ಮುಂದಿನ ಸಂಚಿಕೆಯಲ್ಲಿ ದಯವಿಟ್ಟು ತಿದ್ದುಪಡಿ ಪ್ರಕಟಿಸಿರಿ. ಹಾಗೆ ಪ್ರಕಟಿಸುವಾಗ ಇನ್ನೊಂದನ್ನೂ ಸರಿಪಡಿಸಬಹುದು. ಲೇಖನದ ಜೊತೆಗೆ ‘ರೇಖಾವದ ಒಂದು ದೃಶ್ಯ’ ಎಂಬ ಅಡಿಬರಹದೊಂದಿಗೆ ಅಚ್ಚಾಗಿರುವ ಚಿತ್ರ ‘ರೇಖಾವ’ದ್ದಲ್ಲ. ಅದರಲ್ಲಿರುವ ಹೆಣ್ಣುಮಗಳು ‘ಗಂಪೆರಳಿಯ’ದ ನಂದಾ, ಅಂದರೆ ನಟಿ ಪುಣ್ಯಾ ಹೀಂದೆನಿಯ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ,
ಕಲಬುರಗಿ